ತಲೆಯಿಲ್ಲದ ನೆರಳು ಮತ್ತು ಹನ್ನೆರಡನೆಯ ಅಕ್ಷಾಂಶ

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಆ ದಿನದ ಡೈರಿಯಲ್ಲಿ ನಾನು ಬರೆದುಕೊಂಡಿರುವುದು ‘ಶಾಗ್ಯಕ್ಕೆ ಹೋಗಿ ಬಂದೆ. ಬಿಸಿಲು’ ಎಂದಷ್ಟೇ. ಮಿಕ್ಕದ್ದೆಲ್ಲ ನೆನಪಿನದು, ಮತ್ತು ನನ್ನ ನೆನಪಿಗೆ ಕತೆಯನ್ನು ನನ್ನ ಪರವಾಗಿ ತಿದ್ದುವ ಚಾಳಿಯಿದೆ. ಏಪ್ರಿಲ್ ತಿಂಗಳ ಕೊನೆಯ ಭಾಗ ಎಂಬುದು ಮಾತ್ರ ಖಂಡಿತ. ಅದಕ್ಕೆ ಸಾಕ್ಷಿ ನಾನಲ್ಲ, ಸೂರ್ಯ.

ಭೂಮಿಯ ಅಡ್ಡಗೆರೆಗಳ ವಿಷಯದಲ್ಲಿ ನಾನು ಬಹಳ ಕಾಲ ಪಂಡಿತೆಯೆಂದೇ ತಿಳಿದುಕೊಂಡಿದ್ದೆ. ಯಳಂದೂರಿನ ಶಾಲೆಯಲ್ಲಿ ಗೋಳದ ಚಿತ್ರಕ್ಕೆ ಹೊಟ್ಟೆಯ ಮೇಲೆ ಸಮಭಾಜಕ ವೃತ್ತ, ಅದರಾಚೆ ಈಚೆ ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳು, ನೆತ್ತಿಗೂ ಪಾದಕ್ಕೂ ಒಂದೊಂದು ಧ್ರುವವೃತ್ತ ಎಳೆದು ಐದಕ್ಕೂ ಐದು ಬಣ್ಣ ಹಚ್ಚುತ್ತಿದ್ದೆ. ಮುಂದೆ ಎಂ.ಎ. ಮಾಡಿದೆ. ದೆಹಲಿಗೆ ಹೋಗುವಾಗ ಕರ್ಕಾಟಕ ವೃತ್ತ ದಾಟುವುದನ್ನು ನೋಡಲೇಬೇಕೆಂದು ರೈಲಿನ ಕಿಟಕಿಯ ಪಕ್ಕ ಕೂತು, ಸರಿಯಾಗಿ ಆ ಹೊತ್ತಿಗೆ ನಿದ್ದೆ ಹೋದೆ. ಆದರೆ ನಾವು ನಿಂತಿರುವ ನೆಲ ಈ ಗೆರೆಗಳ ನಡುವೆ ಎಲ್ಲಿದೆ ಎಂದು ಒಮ್ಮೆಯೂ ಕೇಳಿಕೊಂಡವಳಲ್ಲ. ಕೇಳಿಸಿದವಳು ಶಾಲೆಯ ಮೆಟ್ಟಿಲನ್ನೇ ಹತ್ತದ ನಮ್ಮ ದೊಡ್ಡವ್ವ, ಅಮ್ಮನ ಅಕ್ಕ.

ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕೊಳ್ಳೇಗಾಲದಲ್ಲಿ ಮೊದಲ ಕಣ್ಣಿನ ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಆಮೇಲೆ ನಾಲ್ಕು ದಿನ ಅಲ್ಲೇ ಇರುವ ನನ್ನ ಮನೆಯಲ್ಲಿ ಇರುವುದೆಂದೂ ಮಾತಾಗಿತ್ತು. ಎರಡು ದಿನ ಮುಂಚೆ ಅವಳ ಮಗ ಮಾದೇಶ ಫೋನ್ ಮಾಡಿದ.

“ಅಕ್ಕ, ಅವ್ವ ಬರಕಿಲ್ಲ ಅಂತ ಕುಂತವ್ಳೆ. ನೆರಳ್ನಲ್ಲಿ ತಲೆ ಕಾಣಕಿಲ್ವಂತೆ, ಸಾಯ್ತೀನಿ ಅಂತವ್ಳೆ. ಊಟಾನೂ ಬುಟ್ಟವ್ಳೆ. ಒಸಿ ನೀನಾದ್ರೂ ಬಂದು ಬುದ್ಧಿ ಯೋಳು.”

ಹನೂರಿನವರೆಗೆ ಬಸ್ಸು, ಅಲ್ಲಿಂದ ಅವರ ಊರು ಶಾಗ್ಯಕ್ಕೆ ಆಟೋ. ದೊಡ್ಡವ್ವ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಊಟ ಬಿಟ್ಟ ಮೂರೇ ದಿನಕ್ಕೆ ಮುಖ ಇಳಿದುಹೋಗಿತ್ತು.

“ನೆತ್ತಿ ಮ್ಯಾಲೆ ಒತ್ತು ಬಂದಾಗ ನನ್ ನೆರಳ್ಗೆ ತಲೇನೇ ಇಲ್ಲ ಕಣಮ್ಮಿ. ಸಾಯೋರ್ಗೇ ಅಂಗಾಗದು. ಸಾಯೋಳ್ಗೆ ಕಣ್ಣು ಕೊಟ್ಟು ಏನ್ ಮಾಡೀರಿ?”

“ಪೊರೆ ಕನವ್ವ, ಅದ್ಕೇ ಕಾಣಕಿಲ್ಲ,” ಎಂದ ಮಾದೇಶ.

“ಬೆಳಿಗ್ಗೆ ಕಾಣೋ ತಲೆ ಮದ್ಯಾನ ಕಾಣದಂಗೆ ಮಾಡೋ ಪೊರೆ ಯಾವುದ್ಲಾ, ಬೆಪ್ಪೆ?”

ತರ್ಕ ಅವಳ ಕಡೆಗೇ ಇತ್ತು. ನಾನು ಒಂದು ಮಡಕೆಯನ್ನು ಬೋರಲು ಹಾಕಿ, ಸೀಮೆಸುಣ್ಣದಿಂದ ಗೆರೆಗಳನ್ನು ಎಳೆದೆ. ಸೂರ್ಯ ಈ ಎರಡು ಸಂಕ್ರಾಂತಿ ವೃತ್ತಗಳ ನಡುವೆಯೇ ವರ್ಷವಿಡೀ ಓಡಾಡಿಕೊಂಡಿರುತ್ತಾನೆ. ಮಧ್ಯೆ ಇರುವವರ ನೆತ್ತಿಗೆ ವರ್ಷಕ್ಕೆ ಎರಡು ಸಲ ನೇರವಾಗಿ ಬರುತ್ತಾನೆ. ನಾವಿರುವುದು ಸಮಭಾಜಕದಿಂದ ಹನ್ನೆರಡು ಡಿಗ್ರಿ ಮೇಲೆ, ಆದ್ದರಿಂದ ಏಪ್ರಿಲಿನಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ನಡುಮಧ್ಯಾಹ್ನ ನಮ್ಮ ನೆರಳು ಕಾಲಡಿಗೇ ಬಿದ್ದು ಅಡಗುತ್ತದೆ. ದೆಹಲಿಯವರಿಗೆ ಈ ಭಾಗ್ಯ ಇಲ್ಲವೇ ಇಲ್ಲ. ಇದೆಲ್ಲ ನನಗೆ ಶಾಲೆಯ ಪಾಠದಿಂದ ಹೊಳೆಯಿತೋ, ಬಸ್ಸಿನಲ್ಲಿ ಮೊಬೈಲ್ ನೋಡಿ ತಿಳಿಯಿತೋ ಈಗ ಹೇಳಲಾರೆ. ಮೊಬೈಲೇ ಇರಬೇಕು.

“ನನ್ ಮಡಕೆ ಯಾಕಮ್ಮಿ ಗೀಚೀಯೆ?” ಎಂದಳು ದೊಡ್ಡವ್ವ.

ಹನ್ನೆರಡೂಕಾಲು ದಾಟಿದ ಮೇಲೆ ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ನಾನೇ ಪಕ್ಕದಲ್ಲಿ ನಿಂತೆ. ಅವಳು ಬಗ್ಗಿ ಕಣ್ಣು ಕಿರಿದು ಮಾಡಿ ನನ್ನ ಕಾಲ ಸುತ್ತ ನೋಡಿದಳು. ಸೀರೆಯ ಅಂಚಿನ ಕೆಳಗೆ ಒಂದಿಷ್ಟು ಕಪ್ಪು, ಅಷ್ಟೇ.

“ಅಯ್ಯೋ ಕೂಸೇ, ನಿನ್ಗೂ ಇಲ್ವಲ್ಲೇ!”

ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಅತ್ತೇಬಿಟ್ಟಳು. ಮೂರು ದಿನ ತನಗಾಗಿ ಒಂದು ಹನಿಯನ್ನೂ ಹಾಕದವಳು! ವಿಜ್ಞಾನ ನನ್ನನ್ನೂ ಸಾಯುವವರ ಪಟ್ಟಿಗೆ ಸೇರಿಸಿದ್ದು ಬಿಟ್ಟರೆ ಬೇರೇನೂ ಸಾಧಿಸಿರಲಿಲ್ಲ. ಮಾದೇಶ ಬಂದು ನಿಂತ. ಅವನಿಗೂ ತಲೆಯಿಲ್ಲ. “ಅದು ಮೊದ್ಲಿಂದ್ಲೂ ಇರ್ನಿಲ್ಲ ಬುಡು,” ಎಂದು ಅಳುವಿನ ನಡುವೆಯೇ ಮಗನನ್ನು ಚುಚ್ಚಿದಾಗ ನನಗೆ ಸ್ವಲ್ಪ ಧೈರ್ಯ ಬಂತು.

ಆಮೇಲೆ ಅವಳಿಗೇ ಏನನ್ನಿಸಿತೋ, “ಒನಕೆ ತಕಂಡ್ ಬಾ,” ಎಂದಳು. ಗ್ರಹಣ ಹಿಡಿಯಿತೋ ಬಿಟ್ಟಿತೋ ಎಂದು ನೀರಿನ ತಟ್ಟೆಯಲ್ಲಿ ಒನಕೆ ನಿಲ್ಲಿಸಿ ತಿಳಿಯುವವಳು ಅವಳು. ಆಕಾಶದ ವಿಷಯದಲ್ಲಿ ಒನಕೆಯ ಮಾತೇ ಮಾತು. ಮಾದೇಶ ಅದನ್ನು ಅಂಗಳದಲ್ಲಿ ನೆಟ್ಟಗೆ ಹಿಡಿದ. ಆಳೆತ್ತರದ ಒನಕೆ, ಬುಡದಲ್ಲಿ ಬಳೆಯಷ್ಟು ನೆರಳು. ದೊಡ್ಡವ್ವ ಅದರ ಸುತ್ತ ಒಂದು ಸುತ್ತು ಬಂದಳು.

“ಒನಕೆ ಯಾಕ್ಲಾ ಸತ್ತಾದು?” ಎಂದಳು. ಆಮೇಲೆ, “ಅನ್ನ ಇಕ್ರೋ. ಒಟ್ಟೆ ಅಸೀತದೆ.”

ಐದು ಬಣ್ಣದ ಗೆರೆಗಳು ಮಾಡಲಾಗದ್ದನ್ನು ಒಂದು ಹಳೆಯ ಒನಕೆ ಮಾಡಿತು. ನನಗೇನೂ ಬೇಸರವಾಗಲಿಲ್ಲ. ಅವಳ ಪಕ್ಕ ಕೂತು ಎರಡು ಮುದ್ದೆ ಉಂಡೆ. ಅವಳು ಮೂರು ಉಂಡಳು. ಸಮಭಾಜಕ ವೃತ್ತವಾದರೂ ಒಂದು ಒನಕೆಯನ್ನು ನೆಟ್ಟು ನೆರಳು ನೋಡಿದವರೇ ಮೊದಲು ಕಂಡುಕೊಂಡದ್ದಿರಬೇಕು, ಎಂದು ಸಮಾಧಾನವನ್ನೂ ಮಾಡಿಕೊಂಡೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಅವಳು ನನ್ನ ಮನೆಯಲ್ಲಿ ಕೂತಿದ್ದಾಗ ಒಂದು ಸಂಜೆ, ಅಷ್ಟು ದಿನ ನನ್ನನ್ನು ಕೊರೆಯುತ್ತಿದ್ದುದನ್ನು ಕೇಳಿದೆ. ಅವಳು ಕನ್ನಡಕವನ್ನು ಸರಿಪಡಿಸಿಕೊಂಡು ಬೀದಿಯ ಕಡೆ ತಿರುಗಿದಳು. ಎರಡನೆಯ ಕಣ್ಣಿಗೆ ಬಂದಾಗ ಮತ್ತೆ ಕೇಳಿದರೂ ಬೀದಿಯ ಕಡೆಗೇ ತಿರುಗಿದಳು. ನಾನು ಕೇಳಿದ್ದು ಇಷ್ಟೇ:

“ದೊಡ್ಡವ್ವ, ನೀನು ಹುಟ್ಟಿದಾಗಿಂದ ವರ್ಷಕ್ಕೆ ಎರಡು ಸಲ ನಿನ್ನ ನೆರಳು ಹಿಂಗೇ ಹೋಗಿ ಬಂದಿದೆ. ಇಷ್ಟು ವರ್ಷ ನೋಡದೇ ಇದ್ದೋಳು, ಆಪರೇಷನ್‌ಗೆ ದಿನ ಗೊತ್ತಾದ ಈ ವರ್ಷಾನೇ ಯಾಕೆ ನೋಡ್ಕೊಂಡೆ?”