ಕಣ್ಣು ಕಟ್ಟಿ ತಳ್ಳಿದ ಉಯ್ಯಾಲೆ

ಹೇಳಿದರೆ ನೀವು ನಂಬುವುದಿಲ್ಲ. ನಂಬದಿದ್ದರೆ ನನ್ನ ಅರ್ಧ ಮುರಿದ ಹಲ್ಲು ನೋಡಿ. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಹಲಸಿನ ಮರ ಕಡಿದರು. ಗರಗಸದಿಂದ ಉದುರಿದ ಹಳದಿ ಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಅಕ್ಕ ನೆನಪಾದಳು...

ಆಗ ನಮ್ಮ ಜಿಲ್ಲೆ ಹೊಸದು, ನಾನಿನ್ನೂ ಮೂರನೇ ಕ್ಲಾಸು. ನಮ್ಮ ಬತ್ತೇರಿ ಪೇಟೆಯ ಬೋರ್ಡುಗಳಲ್ಲಿ ಹಳೆಯ ಜಿಲ್ಲೆಯ ಹೆಸರಿನ ಮೇಲೆ ಬಳಿದ ಬಣ್ಣ, ಒರಗಿದರೆ ಅಂಗಿಗೆ ಅಂಟುತ್ತಿತ್ತು. ಪಕ್ಕದ ಮನೆಯ ಅಕ್ಕ ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದಿದ್ದಳು. ಬೆಳಕಿನಿಂದ ಅಣು ಕುಣಿಸುವ ಸಂಶೋಧನೆಗೆ ಮತ್ತೆ ಹೋಗಲೇಬೇಕೆಂಬ ಹಟ ಅವಳಿಗೆ. ಬಟ್ಟೆ ಅಂಗಡಿಯ ಅವಳಪ್ಪನಿಗೆ ಗುಂಡ್ಲುಪೇಟೆಯ ವರನ ಮೇಲೆ ಕಣ್ಣು.

"ಕಣ್ಣಿಗೇ ಕಾಣದ್ದನ್ನ ಕುಣಿಸೋ ಓದು ಯಾವ ಓದು ಮೋಳೇ? ನಂಗೆ ತೋರ್ಸು, ಕಳಿಸ್ತೀನಿ. ಇಲ್ಲಾಂದ್ರೆ ಓಣಂ ಆದ್ಮೇಲೆ ಅವ್ರು ನೋಡೋಕೆ ಬರ್ತಾರೆ."

ತೋರಿಸಲು ಅಕ್ಕ ಹಿಡಿದದ್ದು ನನ್ನನ್ನು!

ಅವರ ಹಲಸಿನ ಮರಕ್ಕೆ ಕಟ್ಟಿದ ಓಣಂ ಉಯ್ಯಾಲೆಯ ಮೇಲೆ ನಿಂತು ಜೀಕಿ, ಎತ್ತರದ ಎಲೆಯನ್ನು ಹಲ್ಲಿನಿಂದ ಕಚ್ಚಿ ಕೀಳುವುದು ನಮ್ಮ ಕಡೆಯ ಆಟ. "ನೀನು ಅಣು, ನನ್ನ ಕೈ ಬೆಳಕು" ಎಂದಳು ಅಕ್ಕ. "ನೀನು ಜೀಕ್ಬಾರ್ದು. ಜೋರಾಗಿ ತಳ್ಳಿದ್ರೆ ಅಣು ಚೂರಾಗುತ್ತೆ. ಮಧ್ಯೆ ಇಣುಕಿದ್ರೂ ಅದರ ಆಟ ಕೆಡುತ್ತೆ. ಯಾವಾಗ, ಎಷ್ಟು ಅಂತ ಮೊದ್ಲೇ ಲೆಕ್ಕ ಹಾಕಿ, ನೋಡ್ದೇ ತಳ್ಬೇಕು." ಕಣ್ಣಿಗೆ ಟವೆಲ್ ಬಿಗಿದುಕೊಂಡಳು.

ಅಭ್ಯಾಸದ ಮೊದಲ ದಿನವೇ ನಾನು ಕರ್ನಾಟಕದ ಗಡಿ ದಾಟಿದೆ. ಬಾವಲಿ ಚೆಕ್‌ಪೋಸ್ಟಿನವರು ಸಲಾಮು ಹೊಡೆದರು. ಸರಿ ಸರಿ, ನಂಬಬೇಡಿ, ಸಗಣಿ ಗುಂಡಿಗೆ ಬಿದ್ದೆ. ಮೂಗು ಸಗಣಿಗೆ, ಹಲ್ಲು ಗುಂಡಿಯ ಕಲ್ಲಿಗೆ.

"ಅಕ್ಕಾ, ಅಣು ಸತ್ತೋಯ್ತು!"

"ಅಣು ಮಾತಾಡಲ್ಲ ಕಣೋ. ತಪ್ಪು ನನ್ನ ಲೆಕ್ಕದ್ದು. ಹತ್ತು."

ಮತ್ತೆ ಬಿದ್ದೆ. ಮತ್ತೆ ಹತ್ತಿಸಿದಳು. ಆನೆ ಬಂದು ಅಡ್ಡ ನಿಂತಿದ್ದರೂ ಹತ್ತಿಸುತ್ತಿದ್ದಳು.

ಓಣಂನ ದೊಡ್ಡ ದಿನವಾದ ತಿರುವೋಣದಂದು ಊಟ ಮುಗಿಸಿ ಅವಳಪ್ಪ ಕೈಕಟ್ಟಿ ನಿಂತರು. ಟವೆಲಿನ ಹಿಂದಿನಿಂದ ಅಕ್ಕ ತಳ್ಳಿದಳು: ಮೆಲ್ಲಗೆ... ಬಿಟ್ಟು... ಸ್ವಲ್ಪ ಜೋರಾಗಿ... ಮತ್ತೆ ಬಿಟ್ಟು... ಎಲೆ ನನ್ನ ಮುಖದೆದುರಿಗೇ ಬಂತು. ಅಲ್ಲೇ ಉಯ್ಯಾಲೆ ಉಸಿರು ಹಿಡಿದಂತೆ ನಿಂತಿತು. ಕಚ್ಚಿದೆ!

ಅವಳಪ್ಪ ನನ್ನ ಬಾಯಿಂದ ಎಲೆ ತೆಗೆದು ತಿರುಗಿಸಿ ನೋಡಿದರು. "ಹೋಗು ಮೋಳೇ. ಮೊದ್ಲು ಟವೆಲ್ ಬಿಚ್ಚು, ದಾರಿ ಕಾಣ್ಬೇಕಲ್ಲ."

ಹೋದಳು. ಆಮೇಲೆ ಯಾವ ಓಣಕ್ಕೂ ಬರಲಿಲ್ಲ. ಅವಳಪ್ಪ ತೀರಿಕೊಂಡರು, ಮನೆ ಮಾರಾಟವಾಯಿತು, ಇವತ್ತು ಮರವೂ... ಉರುಳಿದ ಕೊಂಬೆಯಿಂದ ಒಂದು ಎಲೆಯನ್ನು ಅದೇ ಮುರಿದ ಹಲ್ಲಿನಿಂದ ಕಚ್ಚಿ ತಂದು, ಇದನ್ನು ಬರೆಯುತ್ತ ಕೂತಿದ್ದೇನೆ. ಅಕ್ಕಾ, ಈ ಸಲ ಎಲೆ ತಾನಾಗಿಯೇ ಕೆಳಗೆ ಬಂದಿದೆ. ಯಾರೂ ತಳ್ಳಬೇಕಾಗಲಿಲ್ಲ...

"ಆಡಿನ ಥರ ಎಲೆ ಮೆಲ್ತಾ ಕೂತಿದ್ದೀಯಲ್ಲೋ! ನಾಳೆ ಕಾಲೇಜಿನ ಪರೀಕ್ಷೆ!"

ಅಮ್ಮ ಬಂದಳು. ಎಲೆ ಹೋಯಿತು. ಈಗ ಅವಳ ಕೈ ಪೆನ್ನಿಗೂ ಬಂ—