ಅತ್ತಿಗೆಯನ್ನು ಸಾಯಿಸದ ಕಾದಂಬರಿಗಾರ್ತಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಬಟ್ಟೆ ಒಗೆಯುವ ಕೋಣೆಯಲ್ಲಿ ಯಂತ್ರಗಳು ಆಗಲೇ ಗುಡುಗುತ್ತಿವೆ. ವಾರ್ಡುಗಳಿಂದ ಬಂದ ಹೊದಿಕೆಗಳ ರಾಶಿಯ ಮುಂದೆ ನಿಂತ ಹೆಂಗಸು ಒಂದೊಂದನ್ನೇ ಕೊಡವಿ, ದಿಂಬಿನ ಚೀಲಗಳೊಳಗೆ ಕೈಹಾಕಿ ನೋಡಿ, ರಕ್ತದ ಕಲೆಯಿರುವುದನ್ನು ಬೇರೆ ಹಾಕುತ್ತಾರೆ. "ಸ್ವಲ್ಪ ದೂರ ನಿಂತ್ಕೊಳ್ಳಿ ಸಾರ್, ಇಲ್ಲಾಂದ್ರೆ ನಿಮ್ಮನ್ನೂ ಒಳಗೆ ಹಾಕಿ ತಿರುಗಿಸಿಬಿಡ್ತೀನಿ" ಎಂದು ನಗುತ್ತಾರೆ.

ಜೊತೆಯವರು ಇವರನ್ನು ಕರೆಯುವುದು 'ಕಥೆಯಕ್ಕ' ಎಂದು. ಕಳೆದ ವರ್ಷ ಬಹುಮಾನ ಪಡೆದು, ಮೇಲಿಂದ ಮೇಲೆ ಅಚ್ಚಾದ ಕಾದಂಬರಿಯೊಂದನ್ನು ಬರೆದವರು ಇವರೇ. ಯಂತ್ರ ಒಂದೊಂದು ಸುತ್ತು ಮುಗಿಸುವಷ್ಟು ಹೊತ್ತು ಬಟ್ಟೆಮೂಟೆಯ ಮೇಲೆ ಕೂತು ಬರೆದದ್ದು. ಆದರೆ ಬಹುಮಾನದ ಮಾತೆತ್ತಿದರೆ ಹುಬ್ಬು ಗಂಟಿಕ್ಕುತ್ತದೆ. "ಅದು ನನ್ನ ಸೋಲು. ಅದರ ಸುದ್ದಿ ಎತ್ತಬೇಡಿ."

ನಾನು ಅನೇಕ ಕಾದಂಬರಿಕಾರರನ್ನು ಮಾತನಾಡಿಸಿದ್ದೇನೆ. ಗೆಲುವು ಅಂದರೇನು ಎಂದು ಕೇಳಿದರೆ ಕೆಲವರು ಮುದ್ರಣಗಳನ್ನು ಎಣಿಸುತ್ತಾರೆ, ಕೆಲವರು ಸಹಿಗಾಗಿ ನಿಂತ ಸಾಲನ್ನು ನೆನೆಯುತ್ತಾರೆ. ವಿನಯವಂತರು "ಓದುಗರ ಪ್ರೀತಿ" ಎಂದು ಹೇಳಿ, ಓರೆಗಣ್ಣಿನಲ್ಲಿ ಗೋಡೆಯ ಮೇಲಿನ ಫಲಕವನ್ನು ನೋಡುತ್ತಾರೆ. ಗೆದ್ದ ಪುಸ್ತಕವನ್ನು ಸೋಲು ಎಂದವರನ್ನು ಕಂಡದ್ದು ಇದೇ ಮೊದಲು. ಕಾರಣ ತಿಳಿದ ಮೇಲೆ ನನ್ನ ರಕ್ತವೂ ಕುದಿಯಿತು.

ಕಥೆಯ ಬೇರು ಇದೇ ಆಸ್ಪತ್ರೆಯಲ್ಲಿದೆ. ಕಥೆಯಕ್ಕನ ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಇಲ್ಲಿ ಆಯಾ ಆಗಿ ಸೇರಿದರು. ಅತ್ತಿಗೆ, ನಾದಿನಿಗೆ ಅಂದಿನಿಂದ ಒಂದೇ ಮನೆ, ಒಂದೇ ಒಲೆ. ಒಂದು ದಿನ ರೋಗಿಯೊಬ್ಬರ ಚಿನ್ನದ ಸರ ಕಾಣೆಯಾಯಿತು. ಹಿಂದುಮುಂದಿಲ್ಲದ ಹೆಂಗಸಿನ ತಲೆಗೆ ಕಳ್ಳತನ ಕಟ್ಟುವುದು ಎಷ್ಟು ಹೊತ್ತಿನ ಮಾತು? ಇಡೀ ವಾರ್ಡಿನ ಮುಂದೆ ಅವರ ಚೀಲ ಸುರಿಸಿ, ಮೈ ತಡವಿ, 'ಕಳ್ಳಿ' ಎಂದು ಹೊರಗಟ್ಟಿದರು. ವಾರ ಕಳೆಯುವಷ್ಟರಲ್ಲಿ ಸರ ಸಿಕ್ಕಿತು. ಒಗೆಯಲು ಬಂದ ದಿಂಬಿನ ಚೀಲದೊಳಗೆ, ಕಥೆಯಕ್ಕನ ಕೈಗೇ.

"ನಾಳೆಯಿಂದ ಕೆಲಸಕ್ಕೆ ಬಾ" ಎಂದು ಹೇಳಿಕಳಿಸಿದರು, ಅಷ್ಟೇ. ಅತ್ತಿಗೆ ಬಂದರು, ಆದರೆ ಪೊರಕೆ ಮುಟ್ಟಲಿಲ್ಲ. ವಾರ್ಡಿನ ನಟ್ಟನಡುವೆ ನಿಂತು ಮೇಲ್ವಿಚಾರಕಿಗೆ ಹೇಳಿದರು: "ಎಲ್ಲರ ಮುಂದೆ ಕಳ್ಳಿ ಅಂದ್ರಿ. ಎಲ್ಲರ ಮುಂದೇನೇ ಅಲ್ಲ ಅನ್ನಿ." ಮಧ್ಯಾಹ್ನದವರೆಗೂ ಅಲುಗಾಡಲಿಲ್ಲ. ಕೊನೆಗೆ ರೋಗಿಗಳೇ "ಹೇಳಿಬಿಡಿ ತಾಯಿ, ಅದೇನು ಬಾಯಿ ಸವೆದುಹೋಗುತ್ತಾ?" ಎನ್ನತೊಡಗಿದ ಮೇಲೆ ಮೇಲ್ವಿಚಾರಕಿ ಆ ಮಾತು ಆಡಿದರು.

ಕಾದಂಬರಿ ಮುಗಿಯುವುದೂ ಅಲ್ಲೇ. ಮುಗಿಯಬೇಕಿದ್ದದ್ದು ಅಲ್ಲೇ, ಎನ್ನಬೇಕು. ಹಸ್ತಪ್ರತಿ ಓದಿದ ಪ್ರಕಾಶಕರು ಬಾಯ್ತುಂಬ ಹೊಗಳಿ, ಕೊನೆಯ ಅಧ್ಯಾಯಕ್ಕೆ ಬಂದಾಗ ಮೂಗು ಮುರಿದರು. "ಇಷ್ಟಕ್ಕೆ ಯಾರಮ್ಮ ಅಳ್ತಾರೆ? ಅವಮಾನ ತಡೀಲಾರದೆ ಅವಳು ಸತ್ತುಹೋಗ್ಲಿ. ಆಗ ನೋಡಿ, ಪುಸ್ತಕ ಗೆಲ್ಲುತ್ತೆ."

"ನಮ್ಮತ್ತಿಗೆ ಮನೇಲಿ ಬಟ್ಟೆ ಮಡಚ್ತಾ ಕೂತಿದಾರೆ ಸಾರ್. ಅವರನ್ನ ಸಾಯಿಸಿ ನಾನು ಗೆಲ್ಲಬೇಕಾ?"

ಪ್ರಕಾಶಕರು ನಕ್ಕು "ಆಯ್ತು ಬಿಡಿ" ಎಂದರು. ಅಚ್ಚಾಗಿ ಬಂದ ಪುಸ್ತಕದಲ್ಲಿ ನಾಯಕಿ ಮಾತ್ರೆ ನುಂಗಿ ಸತ್ತಿದ್ದಳು. ಬರೆದವರು ಯಾರೋ, ಹೆಸರು ಕಥೆಯಕ್ಕನದು. ಇದಕ್ಕೆ ಕಳ್ಳತನ ಎನ್ನದೆ ಇನ್ನೇನೆನ್ನಬೇಕು? ಏನೂ ಕದಿಯದ ಹೆಂಗಸಿನ ಚೀಲ ಸುರಿಸುವ ಲೋಕ, ಕಥೆಯ ಕೊನೆಯನ್ನೇ ಕದ್ದವರಿಗೆ ವೇದಿಕೆ ಹಾಕಿಕೊಡುತ್ತದೆ!

ಅತ್ತಿಗೆ ಓದಿ ಮುಗಿಸಿ ಕೇಳಿದ್ದು ಒಂದೇ ಮಾತು: "ನನ್ನನ್ನ ಯಾಕೆ ಸಾಯಿಸ್ದೆ?"

"ಬೈದಿದ್ರೆ ತಡ್ಕೋತಿದ್ದೆ" ಎನ್ನುತ್ತಾ ಕಥೆಯಕ್ಕ ಇನ್ನೊಂದು ಹೊದಿಕೆ ಕೊಡವುತ್ತಾರೆ. "ನಾನಲ್ಲ ಅಂತ ಎಷ್ಟು ಹೇಳಿದ್ರೂ, ಪುಸ್ತಕದ ಮೇಲೆ ನನ್ನ ಹೆಸರೇ ಇತ್ತಲ್ಲ. ಎಷ್ಟೋ ದಿನ ನನ್ನ ಜೊತೆ ಊಟಕ್ಕೆ ಕೂರ್ಲಿಲ್ಲ."

ಪುಸ್ತಕ ಅಂಗಡಿಗೆ ಬಂದ ಹಾಗೇ ಖಾಲಿಯಾಯಿತು. ವಿಮರ್ಶಕರು ಆ ಸಾವನ್ನೇ ಕೊಂಡಾಡಿದರು. ಕೊನೆ ಸರಿಪಡಿಸಿ ಎಂದು ಗೋಗರೆದರೆ, ಪ್ರಕಾಶಕರು "ಓಡೋ ಕುದುರೆ ಕಾಲು ಯಾರಾದ್ರೂ ಮುರೀತಾರಾ?" ಎಂದರು. ಕಥೆಯಕ್ಕ ಬಹುಮಾನದ ಸಮಾರಂಭಕ್ಕೆ ಹೋಗಲಿಲ್ಲ. 'ಲೇಖಕಿಗೆ ಹುಷಾರಿಲ್ಲ' ಎಂದು ಸಾರಿ, ಪ್ರಕಾಶಕರೇ ಫಲಕವನ್ನು ಎದೆಗವಚಿಕೊಂಡು ಫೋಟೊ ತೆಗೆಸಿಕೊಂಡರು. ಲೇಖಕಿ ಅಂದು ಗಟ್ಟಿಮುಟ್ಟಾಗಿ ಇಲ್ಲೇ ಹೊದಿಕೆ ಒಗೆಯುತ್ತಿದ್ದರು. ವಿಚಾರಿಸಿದವರು ಒಬ್ಬರೂ ಇಲ್ಲ, ನಮ್ಮ ಪತ್ರಿಕೆಗಳೂ ಸೇರಿ.

ಈಗ ರಜೆ ಸಿಕ್ಕಾಗಲೆಲ್ಲ ಅತ್ತಿಗೆ, ನಾದಿನಿ ಇಬ್ಬರೂ ಒಂದೊಂದು ಗ್ರಂಥಾಲಯ ಹುಡುಕಿಕೊಂಡು ಹೊರಡುತ್ತಾರೆ. ಚೀಲದಲ್ಲಿ ನಿಜವಾದ ಕೊನೆಯ ಅಧ್ಯಾಯದ ಜೆರಾಕ್ಸ್ ಪ್ರತಿಗಳು, ಒಂದು ಗೋಂದಿನ ಬಾಟಲಿ. ತಮ್ಮ ಪುಸ್ತಕ ತೆಗೆದು, ಹಿಂದಿನ ರಟ್ಟಿನ ಒಳಗೆ ಹಾಳೆಗಳನ್ನು ಅಂಟಿಸುತ್ತಾರೆ. ಮೊದಲ ಸಲವೇ ಗ್ರಂಥಪಾಲಕರ ಕೈಗೆ ಸಿಕ್ಕಿಬಿದ್ದರು.

"ಏನಮ್ಮ ಇದು, ಪುಸ್ತಕ ಹಾಳುಮಾಡ್ತೀರಾ?"

"ಹಾಳಾಗಿರೋದನ್ನ ಸರಿ ಮಾಡ್ತಿದೀವಿ ಸಾರ್."

ಗ್ರಂಥಪಾಲಕರು ಹಾಳೆಗಳನ್ನು ಕಸಿದುಕೊಂಡು, ನಿಂತಲ್ಲೇ ಓದಿ ಮುಗಿಸಿ, "ಅಂಚು ಸೊಟ್ಟಗಾಗಿದೆ, ಕೊಡಿ ಇಲ್ಲಿ" ಎಂದು ತಾವೇ ಅಂಟಿಸಿದರಂತೆ. ಬೇರೆ ಕಡೆ ಬಾಗಿಲು ತೋರಿಸಿದವರೂ ಇದ್ದಾರೆ. ಅಲ್ಲಿಗೆ ಇವರು ಮತ್ತೆ ಹೋಗುತ್ತಾರೆ.

"ದೊಡ್ಡ ಆಸೆ ಏನೂ ಇಲ್ಲ" ಎನ್ನುತ್ತಾರೆ ಕಥೆಯಕ್ಕ. "ಮುಂದಿನ ಮುದ್ರಣದಲ್ಲಿ ಅತ್ತಿಗೆ ಬದುಕಿರಬೇಕು. ನಾನು ಯಾರ ಬಗ್ಗೆ ಬರೆದೆನೋ ಅವರು ಓದಿ, ನನ್ನ ಮುಖ ನೋಡಿ ಮಾತಾಡ್ಬೇಕು. ಗೆದ್ದೆನೋ ಇಲ್ವೋ ಅಂತ ನಾನು ನೋಡೋದು ಅಷ್ಟರಲ್ಲೇ."

ಕಳೆದ ಭಾನುವಾರ ನಾನೂ ಅವರ ಜೊತೆ ಗ್ರಂಥಾಲಯಕ್ಕೆ ಹೋಗಿದ್ದೆ. ಪುಸ್ತಕ ಹಿಂದಿರುಗಿಸಲು ಬಂದ ತರುಣಿಯೊಬ್ಬಳು ಗ್ರಂಥಪಾಲಕರನ್ನು ಕೇಳುತ್ತಿದ್ದಳು: "ಇದಕ್ಕೆ ಎರಡು ಕೊನೆ ಇದೆಯಲ್ಲ ಸಾರ್, ಯಾವುದು ನಿಜ?"

ಕಥೆಯಕ್ಕ ಬಾಯಿ ತೆರೆಯುವ ಮೊದಲೇ ಅತ್ತಿಗೆ ಮುಂದೆ ಬಂದರು.

"ನಿಂತಿದೀನಲ್ಲಮ್ಮ, ನೋಡ್ಕೋ."