ಜುಂಜಣ್ಣನ ರೈಫಲ್ ಜಮಾ ಮಾಡಿಸಿಕೊಂಡು ಬಂದದ್ದು

ಪುಷ್ಯ ಮಾಸದ ಒಂದು ಬೆಳಿಗ್ಗೆ ಮಧುಗಿರಿಯಿಂದ ಹೊರಟೆ. ಬೆಟ್ಟದ ಬುಡವೆಲ್ಲ ಮಂಜಿನಲ್ಲಿ ಕರಗಿಹೋಗಿ, ತುದಿಯ ಕೋಟೆಯೊಂದೇ ಯಾರೋ ಆಕಾಶದಲ್ಲಿ ಮರೆತು ಹೋದ ಸಾಮಾನಿನಂತೆ ತೇಲುತ್ತಿತ್ತು. ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಕ್ಷೌರದ ಪೆಟ್ಟಿಗೆ, ಬೂಟಿನ ಪಾಲಿಷು, ಒಂದು ಹಳೆಯ ಖಾಕಿ ಉಡುಪು, ಮತ್ತು ನಾನೇ ಅಳತೆ ಹಾಕಿ ಬರೆದ ರೈಫಲಿನ ಚಿತ್ರ ಇದ್ದವು. ಆ ಚಿತ್ರದಂತೆ ಕಾಣುವ, ಗುಂಡು ಹಾರದ ಒಂದು ರೈಫಲನ್ನು ಮಾಡಿಸಿಕೊಂಡು ನಾನು ಪಾವಗಡದ ಕಡೆ ಹೋಗಬೇಕಾಗಿತ್ತು.

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಸೈನ್ಯದಿಂದ ಬಿಡುಗಡೆಯಾದ ಮೇಲೆ ನಾನು ಶಾಲೆಯಲ್ಲಿ ಕವಾಯತು ಮೇಷ್ಟ್ರಾಗಿದ್ದೆ. ಹಿಂದಿನ ವಾರ ಒಬ್ಬ ಹೆಂಗಸು ನೇರವಾಗಿ ಕವಾಯತು ಮೈದಾನದ ನಡುವೆ ಬಂದು ನಿಂತಳು. ಯುದ್ಧದಲ್ಲಿ ನನ್ನ ತುಕಡಿಯಲ್ಲಿದ್ದ ಸಿಪಾಯಿ ಜುಂಜಣ್ಣನ ಹೆಂಡತಿ ತಿಮ್ಮಕ್ಕ.

"ಹವಾಲ್ದಾರಪ್ಪಾ, ನಿಮ್ಮ ಸರ್ಕಾರದ ಕೋವಿ ನೀವೇ ಹುಡ್ಕೊಳ್ಳಿ. ನನ್ ಗಂಡನ್ನ ನಂಗೆ ಬುಟ್ಬುಡಿ" ಎಂದಳು.

ಜುಂಜಣ್ಣನಿಗೆ ಕಣ್ಣಿಗೆ ಪೊರೆ ಬಂದು, ಅದರ ಹಿಂದೆಯೇ ಬುದ್ಧಿಯೂ ಮಸುಕಾಗಿತ್ತು. ಯುದ್ಧ ಇನ್ನೂ ಮುಗಿದಿಲ್ಲ, ತನ್ನ ರೈಫಲು ಕಳೆದುಹೋಗಿದೆ ಎಂದು ಅವನು ನಂಬಿದ್ದ. ನಮ್ಮ ಕಾಲದಲ್ಲಿ ಸಿಪಾಯಿಯ ಹೆಂಡತಿ ಸತ್ತರೆ ರಜೆ ಸಿಗುತ್ತಿತ್ತು, ರೈಫಲು ಕಳೆದರೆ ಜೈಲು. ಹಿಡಿಯಲು ಮನೆಗೇ ಬರುತ್ತಾರೆಂದು ಹೆದರಿ ಅವನು ಹಟ್ಟಿಯ ಹಿಂದಿನ ಗುಂಡುಕಲ್ಲುಗಳ ಸಂದಿಯಲ್ಲಿ ಮಲಗುತ್ತಿದ್ದ. ಚಳಿಗೆ ಕೆಮ್ಮು ಎದೆಗಿಳಿದಿತ್ತು.

"ಅವನು ನನ್ನ ಕೈಗೇ ರೈಫಲು ಕೊಟ್ಟು ಊರಿಗೆ ಬಂದದ್ದು, ತಿಮ್ಮಕ್ಕ."

"ಅದ್ನೇ ಏಳ್ದೆ ಕಣಪ್ಪಾ. ಅಂಗಾದ್ರೆ ಇನ್ನೊಂದ್ಸಲ ಕೊಡ್ತೀನಿ, ಕೋವಿ ತತ್ತಾ ಅಂತಾನೆ. ಈ ಚಳೀಲಿ ಇನ್ನೊಂದು ಅಮಾಸೆ ದಾಟಾಕಿಲ್ಲ ಆತ."

ನಿಜವಾದದ್ದನ್ನು ತರುವುದು ಸಾಧ್ಯವಿರಲಿಲ್ಲ. ಕಣ್ಣಿಲ್ಲದವನಿಗೆ ಬಣ್ಣ ಬೇಕಾಗಿಲ್ಲ, ಆದರೆ ಅವನ ಕೈ ಮೋಸಹೋಗುವುದಿಲ್ಲ. ತೂಕ, ಹಿಡಿ, ಗುಂಡು ತುಂಬಲು ಎಳೆಯುವ ಬೋಲ್ಟು, ಹಿಂಬದಿಯ ಹಿತ್ತಾಳೆ ತಗಡು, ಹೆಗಲಪಟ್ಟಿ ಸಿಕ್ಕಿಸುವ ಎರಡು ಬಳೆ ಎಲ್ಲವೂ ಬೆರಳಿಗೆ ಸರಿಯೆನಿಸಬೇಕು. ಬರಿಯ ತೋರಿಕೆಯ ಭಾಗಗಳೇ ಆದರೂ ಅವುಗಳ ಮೇಲೆ ಒಬ್ಬನ ಜೀವ ನಿಂತಿತ್ತು.

ಮೊದಲು ಕೊರಟಗೆರೆಗೆ ಹೋದೆ. ಅಲ್ಲಿನ ನಂಜುಂಡಾಚಾರಿ ನೇಗಿಲು, ಬಂಡಿಯ ಜೊತೆಗೆ ನಾಟಕದವರಿಗೆ ಗದೆ, ಬಿಲ್ಲು ಮಾಡಿಕೊಡುವವನು. ಚಿತ್ರವನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದ.

"ಯಾವ ಪಾರ್ಟಿಗೆ ಮೇಷ್ಟ್ರೇ ಇದು? ರಾಜಂಗಾ, ರಾಕ್ಷಸಂಗಾ?"

"ಸಿಪಾಯಿಗೆ."

"ಸಿಪಾಯಿಗಾದ್ರೆ ಹಾಲುವಾಣದ ಮರ ಸಾಕು ಬುಡಿ. ಹೂವಿನಂಗಿರ್ತದೆ, ಬೆಳಗಾನ ಕುಣೀಬೋದು."

ಕುಣಿಯುವುದಕ್ಕಲ್ಲ, ಹೊತ್ತರೆ ಹೆಗಲು ನೋಯಬೇಕು ಎಂದೆ. ಕೊನೆಗೆ ಬಂಡಿಗೆಂದು ಇಟ್ಟಿದ್ದ ಕರಿಜಾಲಿಯ ತುಂಡನ್ನು ಅರೆಮನಸ್ಸಿನಿಂದ ತೆಗೆದ. ಆ ರಾತ್ರಿ ಛತ್ರದಲ್ಲಿ ಮುದ್ದೆ, ಹುರುಳಿ ಸಾರು ಉಂಡು ಮಲಗಿದೆ. ಕನಸಿನಲ್ಲಿ ಜಾಲಿಮರಗಳು ಸಾಲಾಗಿ, ಹೆಜ್ಜೆ ತಪ್ಪದೆ, ಒಂದು ಹೊಳೆಯನ್ನು ದಾಟುತ್ತಿದ್ದವು. ನಾನು ಆಜ್ಞೆ ಕೊಡಲು ಬಾಯಿ ತೆರೆದರೆ ಎಲೆ ಉದುರುವ ಸದ್ದು ಬರುತ್ತಿತ್ತು.

ಮರುದಿನ ಕೋವಿಯ ನಳಿಗೆಯ ಬದಲು ಕಬ್ಬಿಣದ ಪೈಪು ಕೂರಿಸಿ, ಮರವನ್ನು ಉಜ್ಜಿ, ಎಣ್ಣೆ ಹಚ್ಚಿ ಆಚಾರಿ ನನ್ನ ಕೈಗಿತ್ತ. ಹೆಗಲಿಗೆ ಏರಿಸಿದೆ. ಬೀದಿಯಲ್ಲಿ ನಿಂತಿದ್ದೇನೆಂಬುದು ಮರೆತುಹೋಗಿ ನನ್ನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು.

"ಅಯ್ಯಯ್ಯೋ, ಮೇಷ್ಟ್ರು ಒಂದು ಗೇಣು ಉದ್ದಾಗ್ಬುಟ್ರಲ್ಲಾ!" ಎಂದು ಆಚಾರಿ ನಕ್ಕ.

ಅದನ್ನು ಗೋಣಿಯಲ್ಲಿ ಸುತ್ತಿಕೊಂಡು, ಮಧುಗಿರಿಯ ಮೇಲೆಯೇ ಹಾದು, ಬಡವನಹಳ್ಳಿ ದಾರಿಯಾಗಿ ಸಿರಾಕ್ಕೆ ಹೋದೆ. ಇಪ್ಪತ್ತೈದು ಮೈಲಿಯ ಆ ದಾರಿಯಲ್ಲಿ ಹುರುಳಿ ಕಿತ್ತ ಬಯಲು, ನಡುನಡುವೆ ಈಚಲು. ಬಿಸಿಲು ಏರಿದಂತೆ ಬಯಲೆಲ್ಲ ನೀರಿನ ಹಾಗೆ ಅಲುಗಿತು.

ಸಿರಾದ ಕೋಟೆಯ ಹತ್ತಿರ ರಹೀಮ್ ಸಾಬರ ಅಂಗಡಿ. ಬೀಗ, ಚಿಲಕ, ದನಕುರಿಗಳ ಗಂಟೆ, ಎಲ್ಲವನ್ನೂ ಮಾಡುತ್ತಿದ್ದರು. ಗೋಣಿ ಬಿಚ್ಚಿದ ಕೂಡಲೇ ಹಿಂದಕ್ಕೆ ಸರಿದರು.

"ತೌಬಾ ತೌಬಾ! ಬಂದೂಕಾ? ಹವಾಲ್ದಾರ್ ಸಾಬ್, ನಂಗೆ ಮೂರು ಹೆಣ್ಮಕ್ಕಳ ಶಾದಿ ಬಾಕಿ ಅದೆ!"

ಮರವೆಂದು ಮುಟ್ಟಿ ನೋಡಿದ ಮೇಲೆ ಅವರಿಗೆ ಹುರುಪು ಬಂತು. ಬೋಲ್ಟಿಗೆ ಬಾಗಿಲ ಚಿಲಕವೇ ಆಗುತ್ತದೆಂದು ಅವರೇ ಕಂಡುಕೊಂಡರು. ಹಿಡಿಕೆಯ ತುದಿಗೆ ಸಣ್ಣದೊಂದು ಕಬ್ಬಿಣದ ಉಂಡೆ ಬೆಸೆದು ಹಿಂದೆಳೆದು ಮುಂದೂಡಿದರೆ ಕಟಕ್ಕೆಂದಿತು. ಒಡೆದ ಹರಿವಾಣದ ಹಿತ್ತಾಳೆ ಹಿಂಬದಿಯ ತಗಡಾಯಿತು.

"ಯಾರ ಮನೆಗೆ ಇದು?" ಎಂದು ಕೇಳಿದರು.

"ಪಾವಗಡದ ಕಡೆಯ ಒಂದು ಹಟ್ಟಿಗೆ. ಕುರಿ ಸಾಕುವವರು."

"ಹೌದಾ? ಅಚ್ಛಾ, ಅಚ್ಛಾ" ಎಂದು ಒಳಗೆ ಹೋದರು. ನಾನು ಹೊರಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಬಳೆಗಳನ್ನೂ ಬೆಸೆದು, ಒದ್ದೆ ಬಟ್ಟೆ ಸುತ್ತಿ, ಗೋಣಿ ಹೊಲಿದೇ ಬಿಟ್ಟಿದ್ದರು. "ಬೆಸುಗೆ ಆರ್ಬೇಕು. ಅಲ್ಲಿಗೆ ಹೋಗೋತನ್ಕ ಬಿಚ್ಬೇಡಿ."

ಬಿಚ್ಚಲಿಲ್ಲ.

ಮಧುಗಿರಿಯಲ್ಲಿ ರಾತ್ರಿ ಮಲಗಿ, ಬೆಳಿಗ್ಗೆ ಪಾವಗಡದ ಬಸ್ಸು ಹಿಡಿದೆ. ಕಂಡಕ್ಟರು ಗೋಣಿಯನ್ನು ತಟ್ಟಿ, "ಏಮಿ ಸಾರ್, ಒಳಗೇನು?" ಎಂದ.

"ಮರ."

"ಮರ ಆದ್ರೆ ಮೇಲಕ್ಕೆ ಹಾಕಿ."

"ತೊಡೆಯ ಮೇಲೆ ಇರಲಿ."

"ಮಗು ನೋಡ್ರಪ್ಪಾ, ತೊಡೆ ಮೇಲೆ!" ಎಂದು ನಗಿಸಿ, ಅರ್ಧ ಟಿಕೆಟು ಹರಿದ.

ಮಿಡಿಗೇಶಿಯ ಬೆಟ್ಟ ದಾಟಿದ ಮೇಲೆ ಬಸ್ಸಿನ ಕುಲುಕಿಗೆ ಕಣ್ಣು ಎಳೆಯಿತು. ಎಲ್ಲೋ ದೂರದಲ್ಲಿ ಕುರಿಮಂದೆಯ ಸಣ್ಣ ಗಂಟೆಗಳು ಕೇಳುತ್ತಿದ್ದವು. ಬಸ್ಸು ಹಳ್ಳಕ್ಕೆ ಇಳಿದಾಗ ಹತ್ತಿರ ಬಂದವು, ಸಮ ದಾರಿಯಲ್ಲಿ ದೂರವಾದವು. ಕಿಟಕಿಯಾಚೆ ನೋಡಿದೆ. ಒಂದು ಕುರಿಯೂ ಇರಲಿಲ್ಲ. ಬಂಡೆಗಳು ಮಾತ್ರ ಬೆನ್ನು ಬಾಗಿಸಿ ಮೇಯುತ್ತಿರುವ ಹಾಗೆ ಬಯಲ ತುಂಬ ಹರಡಿದ್ದವು. ದಾರಿ ಆಂಧ್ರದ ನೆಲವನ್ನು ಹೊಕ್ಕು ಮತ್ತೆ ನಮ್ಮ ಸೀಮೆಗೆ ಬಂತು. ಗಂಟೆಗಳು ಮಾತ್ರ ಬಿಡಲಿಲ್ಲ. ಪಕ್ಕದವರನ್ನು ಕೇಳಲು ನಾಚಿಕೆಯಾಯಿತು. ಜುಂಜಣ್ಣನಿಗೂ ಹೀಗೆಯೇ ಶುರುವಾಯಿತೇನೋ ಅಂದುಕೊಂಡೆ.

ಪಾವಗಡಕ್ಕೆ ಕೆಲವು ಮೈಲಿ ಮೊದಲೇ ಇಳಿದು, ಹೊಂಗೆ ಮರದ ಮರೆಯಲ್ಲಿ ಖಾಕಿ ಧರಿಸಿ, ಬೂಟು ಒರೆಸಿ ಹಟ್ಟಿಗೆ ನಡೆದೆ. ಮುಳ್ಳುಬೇಲಿಯ ಹತ್ತಿರ ತಿಮ್ಮಕ್ಕ ಕಾಯುತ್ತಿದ್ದಳು. ಬಂಡೆಗಳ ಕಡೆ ಕರೆದುಕೊಂಡು ಹೋದಳು.

ಜುಂಜಣ್ಣ ಕಂಬಳಿ ಹೊದ್ದು ಕುಳಿತಿದ್ದ. ಎಷ್ಟು ಸಣ್ಣವನಾಗಿದ್ದ! ಇಲ್ಲದ ರೈಫಲಿನ ಪಟ್ಟಿಯನ್ನು ಹಿಡಿದಂತೆ ಅವನ ಬಲಗೈ ಹೆಗಲ ಮೇಲೆ ಬಿಗಿದುಕೊಂಡಿತ್ತು. ಆ ಕೈ ಕೆಳಗಿಳಿದು ತಿಂಗಳುಗಳಾದವೆಂದು ತಿಮ್ಮಕ್ಕ ಪಿಸುಗುಟ್ಟಿದಳು. ಮುಂದೆ ಉಣ್ಣೆ ನೂಲುವ ಕದಿರು ಬಿದ್ದಿತ್ತು. ನನ್ನ ಬೂಟಿನ ಸದ್ದಿಗೆ ಅವನು ಬಂಡೆಗೆ ಒತ್ತಿಕೊಂಡ.

ಹೊಲಿಗೆ ಕಿತ್ತು, ಒಣಗಿಹೋಗಿದ್ದ ಬಟ್ಟೆ ಬಿಚ್ಚಿ ರೈಫಲನ್ನು ಹೊರಗೆಳೆದೆ. ಅದು ಝಿಲ್ಲೆಂದಿತು.

ಎರಡು ಬಳೆಗಳಲ್ಲಿಯೂ ಸಣ್ಣ ಸಣ್ಣ ಗೆಜ್ಜೆಗಳು ತೂಗಾಡುತ್ತಿದ್ದವು. ಹಟ್ಟಿಗೆ ಹೋಗುವ ಸಾಮಾನು ಎಂದದ್ದೇ ತಡ, ಮುಂದಾಳು ಟಗರಿನ ಕೊರಳಿಗೆ ಹಾಕುವಂಥ ಬಳೆಗಳನ್ನೇ ಸಾಬರು ಪ್ರೀತಿಯಿಂದ ಬೆಸೆದಿದ್ದರು. ಕುರಿಯವರ ಮನೆಗೆ ಸದ್ದಿಲ್ಲದ ಬಳೆಯನ್ನು ಅವರು ಎಂದೂ ಕೊಟ್ಟವರಲ್ಲ. ಬಸ್ಸಿನ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಮೇಯುತ್ತಿದ್ದ ಮಂದೆ ಇದೇ.

"ಅಯ್ಯೋ ಸಿವ್ನೇ!" ತಿಮ್ಮಕ್ಕ ಹಣೆ ಹಣೆ ಬಡಿದುಕೊಂಡಳು. "ಕೋವಿ ತನ್ನಿ ಅಂದ್ರೆ ಟಗರಿನ ಗೆಜ್ಜೆ ತಂದವ್ರಲ್ಲಾ ಈ ಮಾರಾಯ್ರು!"

ಜುಂಜಣ್ಣ ತಲೆ ಎತ್ತಿದ. ಅವನು ಎದ್ದು ಓಡುತ್ತಾನೆಂದೇ ನಾನು ತಿಳಿದೆ.

"ಯಾವನ್ಲಾ ಅದು ಸದ್ದು ಮಾಡಾದು?" ಎಂದ, ಬಹಳ ಮೆಲ್ಲಗೆ. "ದಿಣ್ಣೆ ಮ್ಯಾಲೆ ವೈರಿಗಳವ್ರೆ. ಎಲ್ರುನೂ ಸಾಯಿಸ್ತೀಯಾ? ತತ್ತಾ ಇಲ್ಲಿ!"

ಬಲಗೈ ಹೆಗಲಿನಿಂದ ಕೆಳಗಿಳಿದು ರೈಫಲನ್ನು ಕಿತ್ತುಕೊಂಡಿತು. ಹಿತ್ತಾಳೆ ಸವರಿದ. ಚಿಲಕ ಎಳೆದು ಬಿಟ್ಟ. ಬೆರಳು ಬಳೆಯ ಹತ್ತಿರ ಬಂದು ನಿಂತಿತು. ಕದಿರಿನಿಂದ ನೂಲೆಳೆದು, ಹಲ್ಲಿನಿಂದ ಕಡಿದು, ಗೆಜ್ಜೆಗಳು ಅಲುಗದಂತೆ ಬಳೆಯನ್ನು ಸುತ್ತತೊಡಗಿದ.

ಆಗ ನನಗೂ ನೆನಪಾಯಿತು. ಬರ್ಮಾದ ಕಾಡಿನಲ್ಲಿ ನಡೆಯುವಾಗ ನಮ್ಮ ರೈಫಲುಗಳ ಬಳೆಗಳು ಗಿಲಗಿಲ ಎನ್ನುತ್ತಿದ್ದವು. ಮನೆಯಿಂದ ತಂದ ಕಂಬಳಿಯ ಎಳೆ ಕಿತ್ತು, ಸದ್ದಾಗದಂತೆ ಬಳೆಗೆ ಮೊದಲು ಕಟ್ಟಿದವನು ಇವನು. ಆಮೇಲೆ ತುಕಡಿಯೆಲ್ಲ ಕಟ್ಟಿಕೊಂಡಿತು. ನನ್ನ ಚಿತ್ರದಲ್ಲಿ ಎಲ್ಲ ಅಳತೆಯೂ ಇತ್ತು, ಆ ಉಣ್ಣೆಯ ಗಂಟು ಇರಲಿಲ್ಲ.

ಎರಡನೆಯ ಬಳೆಯನ್ನೂ ಕಟ್ಟಿ, ಕಿವಿಯ ಬಳಿ ಅಲ್ಲಾಡಿಸಿದ. ಸದ್ದಿಲ್ಲ.

"ಇದು ನಂದೇ" ಎಂದ.

ಬಂಡೆ ಹಿಡಿದು ಎದ್ದು ನಿಂತ. ಬೆನ್ನು ನೇರವಾಗಿತ್ತು. ಎರಡೂ ಕೈಗಳಿಂದ ರೈಫಲನ್ನು ನನ್ನ ಮುಂದೆ ಚಾಚಿದ.

"ರೈಫಲ್ ಜಮಾ, ಹವಾಲ್ದಾರ್ ಸಾಬ್."

ಹಿಮ್ಮಡಿ ಕೂಡಿಸಿ ಅದನ್ನು ತೆಗೆದುಕೊಂಡೆ. "ಜಮಾ ಆಯಿತು. ಮನೆಗೆ ನಡಿ ಜುಂಜಣ್ಣ."

"ಗುಂಡು ಎಣಿಸಾಕಿಲ್ವಾ?"

"ಎಣಿಸಿದೆ. ಸರಿಯಾಗಿದೆ."

ತಿಮ್ಮಕ್ಕ ಅವನ ರಟ್ಟೆ ಹಿಡಿದಳು. "ಉಣ್ಣಾಕೆ ಬಾ ಬಾ ಅಂತ ನಾನು ಗಂಟ್ಲು ಅರ್ಕೊಂಡ್ರೂ ಬರ್ಲಿಲ್ಲ, ಇವ್ರು ಒಂದ್ಸಲ ನಡಿ ಅಂದ್ರೆ ನಡ್ದ ನೋಡು. ದಾ ರಾ, ದಾ, ದೊಡ್ಡ ದಂಡಿನೋನೇ" ಎಂದು ಅರ್ಧ ತೆಲುಗಿನಲ್ಲಿ ಕರೆಯುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವನು ತಲೆ ಬಗ್ಗಿಸಿ ಗುಡಿಸಲಿನ ಬಾಗಿಲನ್ನು ಹೊಕ್ಕ.

ಅಲ್ಲಿಯೇ ಮುದ್ದೆ, ಅವರೆಕಾಳಿನ ಸಾರು ಉಂಡೆವು. ಉಂಡು ಅವನು ಒಲೆಯ ಪಕ್ಕ ನಿದ್ದೆಹೋದ. ರೈಫಲನ್ನು ಅಲ್ಲಿಯೇ ಬಿಟ್ಟು ಬರಬೇಕೆಂದಿದ್ದೆ. ತಿಮ್ಮಕ್ಕ ಒಪ್ಪಲಿಲ್ಲ. "ಜಮಾ ಆದ್ಮ್ಯಾಲೆ ಇನ್ನೇನಪ್ಪಾ? ತಗೊಂಡೋಗಿ." ಅವಳ ಮಾತು ನಿಯಮಕ್ಕೆ ಸರಿಯಾಗಿಯೇ ಇತ್ತು.

ಗೋಣಿ ಹರಿದಿದ್ದರಿಂದ ಹೆಗಲಿಗೇ ಏರಿಸಿಕೊಂಡು ರಸ್ತೆಗೆ ಬಂದೆ. ಸಂಜೆಯ ಬಸ್ಸಿನಲ್ಲಿ ಅದೇ ಕಂಡಕ್ಟರು ಇದ್ದ.

"ಮರ ಅಂದಿದ್ರಲ್ಲಾ ಸಾರ್!"

"ಮರವೇ. ಬೇಕಾದರೆ ಮುಟ್ಟಿ ನೋಡು."

ಅವನು ಮುಟ್ಟಲಿಲ್ಲ, ಈ ಸಲ ಅರ್ಧ ಟಿಕೆಟನ್ನೂ ಹರಿಯಲಿಲ್ಲ. ಹಿಂದಿನ ಕಿಟಕಿಯಿಂದ ನೋಡಿದೆ. ಇಳಿಬಿಸಿಲಿನಲ್ಲಿ ಬಂಡೆಗಳೆಲ್ಲ ಮಂದೆಯಾಗಿ ಹಟ್ಟಿಯ ಕಡೆ ತಿರುಗಿದ್ದವು. ಬೇಲಿಯಾಚೆ, ನಿದ್ದೆಯಿಂದ ಎದ್ದ ಜುಂಜಣ್ಣ ತಿಮ್ಮಕ್ಕನ ಹಿಂದೆ ಹಿಂದೆ ನಡೆಯುತ್ತಿದ್ದ, ಎರಡೂ ಕೈಗಳನ್ನು ಬೀಸಿಕೊಂಡು.